ಮೇ ತಿಂಗಳ ಹಲಸು, ಆಷಾಢದ ಪಲ್ಯ: ಉಪ್ಪುಸೊಳೆ ಹಾಕುವ ಬಗೆ

ಶಿರಸಿಯಿಂದ ಬಂದು ಕಾರವಾರದಲ್ಲಿ ಮನೆ ಮಾಡಿದ ಮೊದಲ ಮಳೆಗಾಲದಲ್ಲೇ ಸಂತೆಯ ಲೆಕ್ಕ ನನಗೆ ಅರ್ಥವಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ತುಟ್ಟಿ. ತರಕಾರಿ ಬಯಲುಸೀಮೆಯಿಂದ ಅರಬೈಲ್ ಘಟ್ಟ ಇಳಿದು ಬರಬೇಕು. ದಾರಿಯಲ್ಲಿ ಎಲ್ಲಾದರೂ ಗುಡ್ಡ ಜರಿಯಿತೋ, ಬೀನ್ಸ್ ಮುಟ್ಟುವ ಹಾಗಿಲ್ಲ. ತವರುಮನೆಯಲ್ಲಿ ಇದೇ ದಿನಗಳಿಗೆಂದು ಕತ್ತಲೆ ಕೋಣೆಯಲ್ಲಿ ಉಪ್ಪುಸೊಳೆಯ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನಕಾಯಿ ಸೊಳೆಯ, ಒಂದು ಭರಣಿ ಕುಳಿತಿರುತ್ತಿತ್ತು. ಮರು ವರ್ಷದಿಂದ ನಾನೂ ಉಪ್ಪುಸೊಳೆ ಹಾಕತೊಡಗಿದೆ. ನೋಡಿ ಮೆಚ್ಚಿದ ನೆರೆಮನೆಯವರು ಮೂವರು ತಾವೂ ಹಾಕಿದರು. ಮೂವರದೂ ಕೊಳೆಯಿತು. ಮೂವರೂ ಭರಣಿಗೆ ನೀರು ಸುರಿದಿದ್ದರು!

ಕಾಯಿ

ಬೇಕಾದದ್ದು ಬಲಿತ ಕಾಯಿ, ಹಣ್ಣಲ್ಲ. ಗಟ್ಟಿ ಸೊಳೆಯ ಬಕ್ಕೆಯದೇ ಆಗಲಿ; ಮೆತ್ತನೆಯ ಅಂಬಲಿ ಹಲಸಿನ ಸೊಳೆ ಉಪ್ಪಿನಲ್ಲಿ ಲೋಳೆಯಾಗಿ ಕೈಯಿಂದ ಜಾರುತ್ತದೆ. ಮುಳ್ಳುಗಳು ಒಂದಕ್ಕೊಂದು ದೂರ ಸರಿದು ಮೊಂಡಾಗಿರಬೇಕು, ಒಳಗಿನ ಬೇಳೆ (ಬೀಜ) ಗಟ್ಟಿಯಾಗಿರಬೇಕು, ಸೊಳೆ ಬೆಳ್ಳಗೋ ಎಳೆ ಹಳದಿಯೋ ಇರಬೇಕು. ಕೊಯ್ದ ಕೂಡಲೇ ಒಂದು ಸೊಳೆ ಬಾಯಿಗೆ ಹಾಕಿ ನೋಡಿ. ಸಿಹಿ ತಾಗಿದರೆ ಆ ಕಾಯಿಯನ್ನು ಅಂದೇ ದೋಸೆಗೆ ರುಬ್ಬಿಬಿಡಿ. ಸಕ್ಕರೆ ಅಂಶ ಕೂಡಿದ ಸೊಳೆ ಭರಣಿಯಲ್ಲಿ ಹುಳಿತು ಹೆಂಡದ ವಾಸನೆ ಹೊಡೆಯುತ್ತದೆ. ಮೃಗಶಿರ ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಲಿ. ಮಳೆನೀರು ಕುಡಿದ ಕಾಯಿ ಸಪ್ಪೆ.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಂಡು ಕೊಯ್ಯಿರಿ, ಮೇಣ ಒರೆಸಿ ತೆಗೆಯಿರಿ, ಬೇಳೆ ಬಿಡಿಸಿ ಸೊಳೆಯನ್ನು ಉದ್ದುದ್ದ ಸೀಳಿ. ಸೊಳೆಯನ್ನು ತೊಳೆಯಬೇಡಿ. ಇಷ್ಟೇ.

ಉಪ್ಪು ಮತ್ತು ಭರಣಿ

ಐದು ಕಿಲೋ ಸೊಳೆಗೆ ಒಂದು ಕಿಲೋ ಹರಳುಪ್ಪು. ತೂಕದ ಲೆಕ್ಕ ಇದು, ಲೋಟದ ಲೆಕ್ಕವಲ್ಲ. ನಾನು ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪನ್ನೇ ತರಿಸುತ್ತೇನೆ. ಕೊಂಚ ಮಾಸಲಾಗಿ ಕಂಡರೂ ಸರಿ. ಪ್ಯಾಕೆಟ್ಟಿನ ಪುಡಿ ಉಪ್ಪಿಗೆ ಗಂಟು ಕಟ್ಟದಂತೆ ಏನೋ ಬೆರೆಸಿರುತ್ತಾರೆ, ಅದರಿಂದ ಭರಣಿಯ ರಸ ಕದಡುತ್ತದೆ. ಆರೋಗ್ಯದ ಹೆಸರು ಹೇಳಿ ಉಪ್ಪು ಅರ್ಧ ಮಾಡುವವರಿದ್ದಾರೆ. ಸೊಳೆಯನ್ನು ಕಾಯುವುದೇ ಉಪ್ಪು. ಅದು ಕಡಿಮೆಯಾದರೆ ಕೊಳೆಸುವ ಸೂಕ್ಷ್ಮಾಣುಗಳಿಗೆ ಹಬ್ಬ. ತಿನ್ನುವ ಮೊದಲು ಉಪ್ಪನ್ನು ಹೇಗೂ ತೊಳೆದು ತೆಗೆಯುತ್ತೇವೆ.

ಭರಣಿ ಪಿಂಗಾಣಿಯದು ಇಲ್ಲವೇ ದಪ್ಪ ಗಾಜಿನದು. ಸ್ಟೀಲ್ ಡಬ್ಬಿ ಬೇಡ, ಉಪ್ಪು ಅದನ್ನು ಕೊರೆದು ಚುಕ್ಕೆ ಎಬ್ಬಿಸುತ್ತದೆ. ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕ ಗಾಜಿನ ಜಾಡಿಯೊಂದರ ತಗಡಿನ ಮುಚ್ಚಳ ಒಂದೇ ತಿಂಗಳಲ್ಲಿ ತುಕ್ಕು ಹಿಡಿದು ಸೊಳೆಯ ಮೇಲೆ ಉದುರಿತ್ತು. ಉಳಿಸಲು ಹೋಗಿ ಜಾಡಿಯೂ ಹೋಯಿತು, ಎರಡು ಹಲಸೂ ಹೋಯಿತು.

ತುಂಬುವುದು

ಜನ ಕೆಡಿಸುವುದು ಇಲ್ಲಿ. ಹಿಂದಿನ ದಿನವೇ ಭರಣಿಗೆ ಕುದಿನೀರು ಹಾಕಿ ತೊಳೆದು ಬಿಸಿಲಿನಲ್ಲಿ ಬೋರಲು ಹಾಕಿ. ಒಳಗೆ ಬೆರಳಾಡಿಸಿದರೆ ಪಸೆ ತಾಗಬಾರದು. ತಳಕ್ಕೆ ಒಂದು ಹಿಡಿ ಉಪ್ಪು, ಅದರ ಮೇಲೆ ನಾಲ್ಕು ಬೆರಳು ದಪ್ಪ ಸೊಳೆ, ಮತ್ತೆ ಉಪ್ಪು. ಪ್ರತಿ ಪದರವನ್ನೂ ಒಣ ಮುಷ್ಟಿಯಿಂದ ಒತ್ತಿ ಒತ್ತಿ ಕೂರಿಸಿ. ಸಂದಿನಲ್ಲಿ ಗಾಳಿ ಉಳಿದರೆ ಅಲ್ಲಿಂದಲೇ ಬೂಸ್ಟು ಶುರು. ಕಂಠದ ಕೆಳಗೆ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿ, ಉಳಿದ ಉಪ್ಪನ್ನೆಲ್ಲ ಮೇಲೆ ಹರಡಿ, ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆ ಹೊದಿಸಿ. ಅದರ ಮೇಲೆ ಪಿಂಗಾಣಿ ತಟ್ಟೆ, ತಟ್ಟೆಯ ಮೇಲೆ ಕುದಿಸಿ ಒಣಗಿಸಿದ ಹೊಳೆಗಲ್ಲು. ಬಾಯಿಗೆ ಬಟ್ಟೆ ಕಟ್ಟಿ.

ಮೊದಲ ದಿನ ಒಳಗೆ ಏನೂ ಆಗಿಲ್ಲವೆನ್ನಿಸುತ್ತದೆ. ನೆರೆಯವರು ಗಾಬರಿಯಾಗಿ ತಂಬಿಗೆ ಎತ್ತಿದ್ದು ಆಗಲೇ. ಕಾಯಿರಿ. ಉಪ್ಪು ಸೊಳೆಯ ನೀರನ್ನು ತಾನೇ ಹೊರಗೆ ಎಳೆಯುತ್ತದೆ. ಎರಡು ಮೂರು ದಿನದಲ್ಲಿ ರಸ ಮೇಲೇರಿ ಎಲೆಯನ್ನು ಮುಳುಗಿಸುತ್ತದೆ. ಏರದಿದ್ದರೆ ಕಲ್ಲು ಹಗುರವಾಯಿತೆಂದು ಅರ್ಥ, ಇನ್ನೊಂದು ಹೇರಿ. ನಾಲ್ಕನೆಯ ದಿನಕ್ಕೂ ಸೊಳೆ ಮುಳುಗದಿದ್ದರೆ ಮಾತ್ರ ಒಂದು ಲೀಟರ್ ನೀರಿಗೆ ಕಾಲು ಕಿಲೋ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿದ ಮೇಲೆ ಸೊಳೆ ಮುಳುಗುವಷ್ಟೇ ಹೊಯ್ಯಿರಿ. ಬರಿ ನೀರು ಮಾತ್ರ ಎಂದಿಗೂ ಬೇಡ.

ವಾರಕ್ಕೊಮ್ಮೆ ಬಟ್ಟೆ ಬಿಚ್ಚಿ ನೋಡಿ. ರಸದ ಮೇಲೆ ತೆಳ್ಳನೆಯ ಬಿಳಿ ಪೊರೆ ಕಂಡರೆ ಒಣ ಸೌಟಿನಿಂದ ತೆಗೆದುಬಿಡಿ. ಕಪ್ಪು, ಹಸಿರು, ಕೆಂಪು ಬೂಸ್ಟು ಬಂದಿದ್ದರೆ, ಸೊಳೆ ಲೋಳೆಯಾಗಿ ನಾರುತ್ತಿದ್ದರೆ, ಭರಣಿಯಲ್ಲಿದ್ದದ್ದನ್ನೆಲ್ಲ ಗಿಡಮರಗಳಿಂದ ದೂರ ಗುಂಡಿ ತೋಡಿ ಹೂಳಿ. ‘ಮೇಲಿನದು ತೆಗೆದರೆ ಕೆಳಗಿನದು ಚೆನ್ನಾಗಿದೆ’ ಎಂಬ ಮಾತಿಗೆ ಮರುಳಾಗಬೇಡಿ. ಔಷಧಿ ಅಂಗಡಿಯ ಬಿಲ್ಲು ತರಕಾರಿಗಿಂತ ದೊಡ್ಡದು.

ಬಳಸುವುದು

ತಿಂಗಳು ಕಳೆದ ಮೇಲೆ ತೆಗೆಯಿರಿ. ನಮ್ಮ ನಾಲ್ವರ ಮನೆಗೆ ಒಂದು ಸಲಕ್ಕೆ ಕಾಲು ಕಿಲೋ ಸಾಕು, ಅಂದರೆ ಐದು ಕಿಲೋ ಸೊಳೆಯಿಂದ ಇಪ್ಪತ್ತು ದಿನದ ಅಡುಗೆ. ಹಿಂದಿನ ರಾತ್ರಿ ನೆನೆಸಿ, ಮೂರು ಸಲ ನೀರು ಬದಲಿಸಿ ಹಿಂಡಿ. ಬೇಯುವಾಗ ಉಪ್ಪು ಹಾಕಬೇಡಿ, ರುಚಿ ನೋಡಿದ ಮೇಲೆ ಬೇಕಾದರೆ ಹಾಕಿ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆ, ಒಂದು ಚೂರು ಬೆಲ್ಲ, ಕಾಯಿತುರಿ. ಬೆಲ್ಲ ಬಿಟ್ಟರೆ ನನ್ನ ಪ್ರಕಾರ ಅದು ಸೊಳೆ ಪಲ್ಯವೇ ಅಲ್ಲ. ಇದರಿಂದ ಹುಳಿಯೂ (ಸಾಂಬಾರು) ಆಗುತ್ತದೆ, ಅಕ್ಕಿಯೊಡನೆ ರುಬ್ಬಿ ರೊಟ್ಟಿಯೂ ಆಗುತ್ತದೆ. ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದವರು ಇದರ ತಂಟೆಗೆ ಹೋಗದಿರುವುದೇ ಲೇಸು.

ಬೇಳೆ ಎಸೆದಿಲ್ಲ ತಾನೆ? ಕೆಮ್ಮಣ್ಣು ಸವರಿ ಒಣಗಿಸಿ, ಒಣ ಹೊಯ್ಗೆಯಲ್ಲಿ (ಮರಳಿನಲ್ಲಿ) ಹೂತಿಡಿ. ಮೀನು ತಿನ್ನುವ ಮನೆಗಳಲ್ಲಿ ಒಣ ಶೆಟ್ಲಿಯ (ಸಿಗಡಿಯ) ಜೊತೆ ಅದನ್ನು ಬೇಯಿಸಿದರೆ ದೋಣಿ ನಿಂತ ದಿನಗಳೂ ದಾಟುತ್ತವೆ.

ಚೌತಿಯೊಳಗೆ ಭರಣಿ ಖಾಲಿ ಮಾಡಿ. ಖಾಲಿಯಾದ ದಿನವೇ ತೊಳೆದು ಬಾಯಿ ತೆರೆದಿಡಿ. ಮುಚ್ಚಿಟ್ಟ ಭರಣಿಯ ಮುಗ್ಗುಲು ವಾಸನೆ ಮುಂದಿನ ಮೇ ತಿಂಗಳಿಗೂ ಹೋಗುವುದಿಲ್ಲ.