ಸಾವಿರ ರೂಪಾಯಿಯೊಳಗೆ ಇಸ್ತ್ರಿ ಪೆಟ್ಟಿಗೆ: ಅಂಗಡಿಯಲ್ಲಿ ಏನೇನು ನೋಡಬೇಕು?

ಬಣ್ಣ, ಕಂಪನಿ, ರಿಯಾಯಿತಿ ಆಮೇಲೆ. ಮೊದಲು ನಿಮ್ಮ ಮನೆಯ ವೋಲ್ಟೇಜ್ ನೋಡಿ. ಏಪ್ರಿಲ್-ಮೇ ಸಂಜೆ ರಾಯಚೂರು, ಕೊಪ್ಪಳದ ಓಣಿಗಳಲ್ಲಿ ಕೂಲರುಗಳೆಲ್ಲ ಒಟ್ಟಿಗೆ ತಿರುಗತೊಡಗಿದರೆ 230 ಇರಬೇಕಾದದ್ದು 180ಕ್ಕೆ ಇಳಿಯುವುದುಂಟು. ಶಕ್ತಿನಗರ, ಕುಡತಿನಿಯಲ್ಲಿ ಕರೆಂಟು ಹುಟ್ಟುವ ಸೀಮೆಗೆ ಈ ಗತಿ ಯಾಕೆ ಎಂಬ ಮಾತು ಬೇರೆ. ವೋಲ್ಟೇಜ್ ಸ್ವಲ್ಪ ಇಳಿದರೂ ಕಾವು ಬಹಳ ಇಳಿಯುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಕಡಿಮೆಯಾಗುತ್ತದೆ. 180 ವೋಲ್ಟಿನಲ್ಲಿ 1000 ವ್ಯಾಟಿನ ಪೆಟ್ಟಿಗೆ ಸುಮಾರು 610 ವ್ಯಾಟಿಗೆ, 750 ವ್ಯಾಟಿನದು 460ಕ್ಕೆ ಬಂದು ನಿಲ್ಲುತ್ತದೆ. ಆ 460 ವ್ಯಾಟಿಗೆ ಹತ್ತಿ ಪಂಚೆಯ ಮಡಿಕೆ ಬಿಡುವುದಿಲ್ಲ.

ಹಾಗಾಗಿ ನಮ್ಮ ಕಡೆಗೆ 1000 ವ್ಯಾಟ್. 750ರದ್ದು ಕರೆಂಟು ಉಳಿಸುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಅದರಲ್ಲಿ ಹುರುಳು ಕಡಿಮೆ. ಬಟ್ಟೆಗೆ ಬೇಕಾದ ಕಾವು ಅಷ್ಟೇ. ಸಣ್ಣದು ಹೆಚ್ಚು ಹೊತ್ತು ಉರಿಯುತ್ತದೆ, ದೊಡ್ಡದು ಬೇಗ ಕಾದು ಥರ್ಮೋಸ್ಟಾಟ್‌ನಿಂದ ಆಫ್ ಆಗುತ್ತದೆ.

ಹಬೆಯದೋ, ಒಣದೋ?

ಕಡಿಮೆ ದುಡ್ಡಿನಲ್ಲಿ ಒಣದೇ ಸರಿ. ಹೆಸರಾಂತ ಕಂಪನಿಗಳ ಒಣ ಇಸ್ತ್ರಿ ಸುಮಾರು ₹500ರಿಂದ ₹1,000ದೊಳಗೆ ಸಿಗುತ್ತದೆ, ಹಬೆಯದಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಮೇಲೆ. ಬೆಲೆಗಿಂತ ದೊಡ್ಡ ತೊಡಕು ನೀರು. ನಮ್ಮ ಬೋರ್‌ವೆಲ್ ನೀರು ಗಡಸು. ಕಾದ ಕೋಣೆಯಲ್ಲಿ ಅದು ಆವಿಯಾದಾಗ ಸುಣ್ಣ ಹಿಂದೆ ಉಳಿದು ತಳದ ತೂತುಗಳನ್ನು ಮುಚ್ಚುತ್ತದೆ. ಆಮೇಲೆ ಒಂದು ದಿನ ಬಿಳಿ ಅಂಗಿಯ ಮೇಲೆ ಕಂದು ನೀರಾಗಿ ಉದುರುತ್ತದೆ. ಕಾವು ಸಾಲದೆ ಹಬೆ ಬಿಟ್ಟರೂ ಹೀಗೇ ಹನಿ ಸೋರುತ್ತದೆ. ಹಬೆಯದೇ ಬೇಕೆನ್ನುವವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಹಾಕಿ, ಕೆಲಸ ಮುಗಿದ ಮೇಲೆ ತೊಟ್ಟಿ ಖಾಲಿ ಮಾಡಬೇಕು. ವ್ಯಾಟನ್ನೂ ನೋಡಿಕೊಳ್ಳಿ: 1400 ವ್ಯಾಟಿನದು ಸಾಮಾನ್ಯ ಸಾಕೆಟ್ಟಿನ ಮಿತಿಯಾದ 6 ಆಂಪಿಯರ್ ದಾಟುತ್ತದೆ, ಅದಕ್ಕೆ 16 ಆಂಪಿಯರ್ ಸಾಕೆಟ್ ಬೇಕು. 1000 ವ್ಯಾಟಿನದು ಎಳೆಯುವುದು ಸುಮಾರು 4.4 ಆಂಪಿಯರ್. ಒಣ ಇಸ್ತ್ರಿಯ ಜೊತೆಗೆ ಒಂದು ಸ್ಪ್ರೇ ಬಾಟಲಿ ಇದ್ದರೆ ಸಾಕು. ನಮ್ಮ ಬೇಸಿಗೆಯಲ್ಲಿ ಸಿಂಪಡಿಸಿದ್ದು ನೋಡುನೋಡುತ್ತಲೇ ಆರುತ್ತದೆ. ಬಟ್ಟೆಗೆಲ್ಲ ಒಮ್ಮೆಲೇ ನೀರು ಹೊಡೆಯದೆ, ತೋಳಿಗೊಮ್ಮೆ ಕಾಲರಿಗೊಮ್ಮೆ ಹೊಡೆಯಿರಿ.

ತೂಕ, ತಳ

ಮಕ್ಕಳ ಯೂನಿಫಾರ್ಮ್, ಪಾಲಿಯೆಸ್ಟರ್ ಅಂಗಿಗೆ ಒಂದು ಕಿಲೋದೊಳಗಿನ ಹಗುರದ್ದು ನಡೆಯುತ್ತದೆ. ಪಂಚೆ, ಹತ್ತಿ ಸೀರೆ, ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಇರುವ ಮನೆಗೆ ಒಂದೂವರೆ ಕಿಲೋ ಮೇಲಿನದೇ ಬೇಕು. ಹಗುರದ್ದನ್ನು ಒತ್ತಿ ಒತ್ತಿ ಮೊಣಕೈ ನೋಯುತ್ತದೆ, ಬಟ್ಟೆ ನೆಟ್ಟಗಾಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಹಳೆಯ ಮಾದರಿಯ ಭಾರದ ಪೆಟ್ಟಿಗೆಗಳಲ್ಲಿ ಮೈಕಾ ಹಾಳೆಯ ಎಲಿಮೆಂಟ್ ಇದ್ದರೆ ಸುಟ್ಟಾಗ ರಿಪೇರಿಯವರು ಬದಲಿಸಿಕೊಡುತ್ತಾರೆ. ಹಗುರದವುಗಳಲ್ಲಿ ಎಲಿಮೆಂಟ್ ತಳದ ಅಲ್ಯೂಮಿನಿಯಮ್ಮಿನಲ್ಲೇ ಎರಕವಾಗಿರುತ್ತದೆ. ಸುಟ್ಟರೆ ತಳವೇ ಹೋಯಿತು. ಯಾವುದು ಎಂದು ಕೊಳ್ಳುವಾಗಲೇ ಕೇಳಿ.

ನಾನ್‌ಸ್ಟಿಕ್ ತಳ ಚೆನ್ನಾಗಿ ಜಾರುತ್ತದೆ. ಆದರೆ ಜಿಪ್ಪು, ಜೀನ್ಸ್ ಗುಂಡಿಯ ಮೇಲೆ ಓಡಿಸಿದರೆ ಲೇಪ ಗೀರಿ, ಗೀರಿದಲ್ಲಿ ಗಂಜಿ ಅಂಟಿ ಕಪ್ಪಾಗುತ್ತದೆ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಮೊದಲು ಐಎಸ್‌ಐ ಗುರುತು. ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು ಬರುತ್ತದೆ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಗುರುತಿಲ್ಲದ ಮಾಲನ್ನು ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ.

ಎರಡನೆಯದು ಅರ್ಥಿಂಗ್. ಪಿನ್ನು ಸಾಕೆಟ್ಟಿನಲ್ಲಿ ಇಲ್ಲದಾಗ, ಕರೆಂಟು ಅಳೆಯುವ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಒಂದು ಕಡ್ಡಿ ಅರ್ಥಿನ ದಪ್ಪ ಪಿನ್ನಿಗೆ, ಇನ್ನೊಂದು ತಳಕ್ಕೆ ಹಿಡಿಯಲು ಹೇಳಿ. ಬೀಪ್ ಬರಬೇಕು. ನಾನ್‌ಸ್ಟಿಕ್ ಲೇಪದ ಮೇಲೆ ಹಿಡಿದರೆ ಬರುವುದಿಲ್ಲ, ಲೇಪವಿಲ್ಲದ ಅಂಚನ್ನೋ ತಿರುಪನ್ನೋ ಹುಡುಕಬೇಕು. ಸಣ್ಣ ಪಿನ್ನುಗಳಿಂದ ತಳಕ್ಕೆ ಬೀಪ್ ಬಂದರೆ ಆ ಪೆಟ್ಟಿಗೆ ವಾಪಸ್. ಎರಡೇ ಪಿನ್ನಿನದೂ ಬೇಡ. ಮನೆಯ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ ಮೂರನೇ ಪಿನ್ನು ಇದ್ದೂ ಇಲ್ಲದಂತೆ. ಆಗಾಗ ಒಂದೆರಡು ಕೊಡ ನೀರು ಸುರಿಯಿರಿ.

ಮೂರನೆಯದು ಥರ್ಮೋಸ್ಟಾಟ್. ಗುಂಡಿಯನ್ನು ಕನಿಷ್ಠಕ್ಕಿಟ್ಟು ಹಚ್ಚಿ. ಒಂದೆರಡು ನಿಮಿಷದಲ್ಲಿ ‘ಟಿಕ್’ ಎಂದು ದೀಪ ಆರಬೇಕು, ಸ್ವಲ್ಪ ತಣ್ಣಗಾದ ಮೇಲೆ ಮತ್ತೆ ಹತ್ತಬೇಕು. ಆರದೇ ಉಳಿದರೆ ಒಳಗಿನ ಸಂಪರ್ಕ ಅಂಟಿಕೊಂಡಿದೆ ಎಂದೇ ತಿಳಿಯಿರಿ. ಅದು ಬಟ್ಟೆ ಸುಡುವ ಪೆಟ್ಟಿಗೆ. ಕನಿಷ್ಠದ ಕಡೆ ಗುಂಡಿ ನಯವಾಗಿ ತಿರುಗುತ್ತದೆಯೇ, ಚುಕ್ಕೆಗಳು ಸ್ಪಷ್ಟವಾಗಿವೆಯೇ ನೋಡಿ. ಒಂದು ಚುಕ್ಕೆಗೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಇಳಕಲ್ ಸೀರೆ ಇರುವವರಿಗೆ ಇದು ಮುಖ್ಯ: ಒಡಲು ಹತ್ತಿ, ಸೆರಗು ರೇಷ್ಮೆ. ಸೆರಗನ್ನು ಮೊದಲು, ಕಡಿಮೆ ಕಾವಿನಲ್ಲಿ, ಒಳಮಗ್ಗುಲಿನಿಂದ ಮಾಡಿ ಆಮೇಲೆ ಕಾವು ಏರಿಸಿ. ಏರಿದ್ದು ಇಳಿಯಲು ಬಹಳ ಹೊತ್ತು ಬೇಕು.

ಕೊನೆಗೆ ವೈರು. ಇಸ್ತ್ರಿ ಪೆಟ್ಟಿಗೆ ಹೆಚ್ಚಾಗಿ ಕೆಡುವುದು ಇಲ್ಲೇ, ಹಿಡಿಕೆಯೊಳಗೆ ವೈರು ಹೋಗುವ ಜಾಗದಲ್ಲಿ. ಮಡಚಿ ಮಡಚಿ ತಂತಿ ಒಳಗೇ ತುಂಡಾಗುತ್ತದೆ. ಸುತ್ತಲೂ ತಿರುಗುವ ಜೋಡಣೆ, ಗಟ್ಟಿ ರಬ್ಬರ್ ತೋಳು, ದಾರದ ಹೊದಿಕೆ ಇದ್ದದ್ದು ಆರಿಸಿ. ಬರೀ ಪ್ಲಾಸ್ಟಿಕ್ ಹೊದಿಕೆ ಬಿಸಿ ತಳ ತಾಗಿದರೆ ಕರಗುತ್ತದೆ. ಉದ್ದ ಎರಡು ಮೀಟರ್ ಹತ್ತಿರ ಇರಲಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಕಾಗುವುದಿಲ್ಲ. ಬಿಸಿ ಪೆಟ್ಟಿಗೆಗೆ ವೈರು ಸುತ್ತಿಡಬೇಡಿ.

ಮೊದಲ ಸಲ ಕಿಟಕಿಯ ಹತ್ತಿರ ಪೂರ್ತಿ ಕಾವಿನಲ್ಲಿ ಐದು ನಿಮಿಷ ಬಿಡಿ. ತುಸು ಹೊಗೆ, ವಾಸನೆ ಬಂದರೆ ಹೆದರಬೇಡಿ. ಹಳೆಯ ಹತ್ತಿ ಬಟ್ಟೆಯ ಮೇಲೆ ಓಡಿಸಿದ ನಂತರವೇ ಒಳ್ಳೆಯ ಬಟ್ಟೆ. ವಾರಂಟಿಗೆ ಜಿಎಸ್‌ಟಿ ಬಿಲ್ಲು ಬೇಕು. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ನಮ್ಮ ಸೆಕೆಗೆ ಬೇಗ ಮಾಸುತ್ತದೆ, ಅಂಗಡಿಯಲ್ಲಿದ್ದಾಗಲೇ ಅದರ ಫೋಟೊ ತೆಗೆದುಕೊಳ್ಳಿ.