ಕಂಗಿನ ತೋಟದವರಿಗೆ ಸಿಕೋಯಾ ಕಾಡು: ಕಾಂಗ್ರೆಸ್ ಟ್ರೇಲ್ ನಡೆಯುವ ಬಗೆ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಕ್ಯಾಲಿಫೋರ್ನಿಯಾದ ಮಕ್ಕಳ ಮನೆಗೆ ಹೋದ ಹಿರಿಯರು ಸಿಕೋಯಾ ಎಂಬ ದೈತ್ಯ ಮರಗಳ ಕಾಡಾದ ಸಿಕೋಯಾ ನ್ಯಾಷನಲ್ ಪಾರ್ಕ್ ನೋಡದೆ ಬರುವುದು ಕಡಿಮೆ. ಆದರೆ ಹೆಚ್ಚಿನವರು ಜನರಲ್ ಶೆರ್ಮನ್ ಮರದ ಎದುರು ಫೋಟೋ ತೆಗೆಸಿಕೊಂಡು ತಿರುಗಿಬಿಡುತ್ತಾರೆ. ಅಲ್ಲಿಂದಲೇ ಹೊರಡುವ ಕಾಂಗ್ರೆಸ್ ಟ್ರೇಲ್ ಎಂಬ ಕಾಲುಹಾದಿ ಬಿಟ್ಟು ಬಂದರೆ ಮಧೂರಿಗೆ ಹೋಗಿ ಅಪ್ಪ ತಿನ್ನದೆ ಬಂದ ಹಾಗೆ.

ಸ್ಯಾನ್ ಹೋಸೆ ಕಡೆಯಿಂದ ಕಾರಿನಲ್ಲಿ ಹೆಚ್ಚುಕಡಿಮೆ ಐದು ಗಂಟೆ. ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ, ಹಿಂದಿನ ರಾತ್ರಿ ವೈಸೇಲಿಯಾದಲ್ಲೋ ತ್ರೀ ರಿವರ್ಸ್‌ನಲ್ಲೋ ಉಳಿಯಿರಿ. ಪಾರ್ಕಿನೊಳಗೆ ಪೆಟ್ರೋಲ್ ಬಂಕ್ ಇಲ್ಲ, ಫೋನಿಗೆ ಸಿಗ್ನಲ್ಲೂ ಹೆಚ್ಚಿನ ಕಡೆ ಸಿಗುವುದಿಲ್ಲ. ತ್ರೀ ರಿವರ್ಸ್‌ನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ಗೇಟಿನಲ್ಲಿ ಕಾರಿಗೆ 35 ಡಾಲರ್, ಏಳು ದಿನಕ್ಕೆ. ಇದಲ್ಲದೆ 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ ದೊಡ್ಡವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ವಿಸಿಟರ್ ವೀಸಾದ ಗಂಡ-ಹೆಂಡತಿಗೆ ಅದೇ 200 ಆಯಿತು. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನಿಯನ್ ಕೂಡ ನೋಡುವುದಿದ್ದರೆ 250 ಡಾಲರಿನ ವಾರ್ಷಿಕ ಪಾಸೇ ಅಗ್ಗ.

ಗೇಟು ದಾಟಿದ ಮೇಲೆ ಜನರಲ್ಸ್ ಹೈವೇ ಸುಮಾರು 26 ಕಿ.ಮೀ. ಒಳಗೆ 520 ಮೀಟರಿನಿಂದ 1,950 ಮೀಟರಿಗೆ ಏರುತ್ತದೆ. ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತಿದವರಿಗೆ ತಿರುವು ಹೊಸತಲ್ಲ, ಆದರೂ ವಾಂತಿ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಒಂದು ಗಂಟೆ ಬೇಕು. ಇಳಿಯುವಾಗ ಗೇರ್ ಕೆಳಗಿಳಿಸಿಯೇ ಓಡಿಸಿ. ಬ್ರೇಕ್ ಒತ್ತಿಕೊಂಡೇ ಬಂದರೆ ಅರ್ಧದಾರಿಗೆ ಸುಟ್ಟ ವಾಸನೆ ಹೊಡೆಯುತ್ತದೆ.

ಕಾರು ನಿಲ್ಲಿಸುವುದು ವುಲ್ವರ್ಟನ್ ರಸ್ತೆಯ ಪಾರ್ಕಿಂಗ್‌ನಲ್ಲಿ. ಜೈಂಟ್ ಫಾರೆಸ್ಟ್ ಮ್ಯೂಸಿಯಂ ದಾಟಿ ಸುಮಾರು 3 ಕಿ.ಮೀ. ಹೋದ ಮೇಲೆ ಬಲಕ್ಕೆ ತಿರುಗಬೇಕು. ಅದಕ್ಕೆ ಮೊದಲು ಹೈವೇ ಪಕ್ಕದಲ್ಲೇ ಕಾಣುವ ಪಾರ್ಕಿಂಗ್ ಅಂಗವಿಕಲರ ಪರವಾನಗಿ ಇದ್ದವರಿಗೆ ಮಾತ್ರ. ಬೇಸಿಗೆಯ ರಜಾದಿನಗಳಲ್ಲಿ ಬೆಳಗ್ಗೆ ಒಂಬತ್ತರ ಒಳಗೆ ತಲುಪದಿದ್ದರೆ ಜಾಗಕ್ಕಾಗಿ ಸುತ್ತಬೇಕಾದೀತು.

ನಮ್ಮವರು ಹೆಚ್ಚು ಎಡವುವುದು ಇಲ್ಲೇ: ಬುತ್ತಿಯ ವಿಷಯ. ಈ ಕಾಡಿನಲ್ಲಿ ಕಪ್ಪು ಕರಡಿಗಳಿವೆ, ವಾಸನೆ ಹಿಡಿದರೆ ಕಾರಿನ ಬಾಗಿಲನ್ನೇ ಕಿತ್ತುಹಾಕುತ್ತವೆ. ಪಾರ್ಕಿಂಗ್‌ನಲ್ಲಿರುವ ಕಬ್ಬಿಣದ ಪೆಟ್ಟಿಗೆಗಳು ಕಸದ ತೊಟ್ಟಿಯಲ್ಲ, ತಿಂಡಿ ಇಡಲಿಕ್ಕೇ ಇರುವವು. ಹಲಸಿನ ಸೋಂಟೆ, ಮಾವಿನ ಮಿಡಿ ಉಪ್ಪಿನಕಾಯಿ, ಮೊಸರನ್ನದ ಡಬ್ಬಿ ಮಾತ್ರವಲ್ಲ. ಟೂತ್‌ಪೇಸ್ಟ್, ತಲೆಗೆ ಹಚ್ಚುವ ತೆಂಗಿನೆಣ್ಣೆ, ಖಾಲಿ ಚಿಪ್ಸ್ ಪ್ಯಾಕೆಟ್ ಕೂಡ ಅದರೊಳಗೆ ಹೋಗಬೇಕು. ಡಿಕ್ಕಿಯಲ್ಲಿಟ್ಟರೆ ಸಾಲದು. ಪೆಟ್ಟಿಗೆಯ ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ.

ಪಾರ್ಕಿಂಗ್‌ನಿಂದ ಶೆರ್ಮನ್ ಮರಕ್ಕೆ 800 ಮೀಟರ್, ಪೂರಾ ಇಳಿಜಾರು, ನಡುವೆ ಮೆಟ್ಟಿಲುಗಳು. ಇಳಿಯುವಾಗ ಏನೂ ಅನ್ನಿಸುವುದಿಲ್ಲ. ಹಿಂದೆ ಬರುವಾಗ ಸುಮಾರು 60 ಮೀಟರ್ ಹತ್ತಬೇಕು, ಅದೂ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದ ತೆಳುಗಾಳಿಯಲ್ಲಿ. ಕಡಲ ಮಟ್ಟದಲ್ಲಿ ಬದುಕಿದವರಿಗೆ ಏದುಸಿರು ಬರುವುದು ಸಹಜ. ಬೆಂಚುಗಳಿವೆ, ಕೂತು ಕೂತು ಬನ್ನಿ. ಮೊಣಕಾಲು ನೋವಿದ್ದವರು ಬೇಸಿಗೆಯಲ್ಲಿ ಹತ್ತುವುದೇ ಬೇಡ: ಮರದಿಂದ ಕೆಳಗೆ ಹೈವೇ ಬದಿಯ ನಿಲ್ದಾಣಕ್ಕೆ ನಡೆದರೆ ಉಚಿತ ಶಟಲ್ ಬಸ್ ಸಿಗುತ್ತದೆ.

ಶೆರ್ಮನ್ ಮರದ ಎತ್ತರ 83.8 ಮೀಟರ್, ನೆಲಮಟ್ಟದ ಸುತ್ತಳತೆ 31 ಮೀಟರ್. ಒಂಬತ್ತು ಅಡಿ ಅಂತರದ ತೋಟವಾಗಿದ್ದರೆ ಈ ಬುಡವೊಂದೇ ಹತ್ತು ಕಂಗಿನ ಜಾಗ ನುಂಗುತ್ತಿತ್ತು. ಇದಕ್ಕಿಂತ ಎತ್ತರದ ಮರಗಳು ಬೇರೆ ಇವೆ. ಕಾಂಡದ ಗಾತ್ರದಲ್ಲಿ ಮಾತ್ರ ಈಗ ಬದುಕಿರುವ ಮರಗಳಲ್ಲಿ ಇದನ್ನು ಮೀರಿಸಿದ್ದಿಲ್ಲ.

ಇಲ್ಲಿಂದ ಕಾಂಗ್ರೆಸ್ ಟ್ರೇಲ್ ಸುಮಾರು 3.2 ಕಿ.ಮೀ. ಸುತ್ತು, ಡಾಂಬರು ಹಾದಿ, ಸಣ್ಣ ಏರಿಳಿತ. ಪಾರ್ಕಿಂಗ್‌ನಿಂದ ಹೋಗಿ ಬರುವುದೂ ಸೇರಿದರೆ ಹೆಚ್ಚುಕಡಿಮೆ 5 ಕಿ.ಮೀ. ಹಿರಿಯರಿಗೆ ಮೂರು ಗಂಟೆ ಇಟ್ಟುಕೊಳ್ಳಿ, ತಲೆಗೊಂದು ಲೀಟರ್ ನೀರು ಹಿಡಿದುಕೊಳ್ಳಿ. ಶೌಚಾಲಯಕ್ಕೆ ಪಾರ್ಕಿಂಗ್‌ನಲ್ಲೇ ಹೋಗಿಬನ್ನಿ. ಗದ್ದಲವೆಲ್ಲ ಶೆರ್ಮನ್ ಬುಡದಲ್ಲೇ ಉಳಿಯುತ್ತದೆ. ಹತ್ತು ನಿಮಿಷ ನಡೆದರೆ ಅಳಿಲಿನ ಸದ್ದು ಕೇಳುತ್ತದೆ. ಪ್ರೆಸಿಡೆಂಟ್ ಮರ, ಗುಂಪಾಗಿ ನಿಂತ ಸೆನೆಟ್ ಮತ್ತು ಹೌಸ್ ಮರಗಳು ಈ ಸುತ್ತಿನಲ್ಲಿವೆ.

ದಾರಿಗೆ ತಾಗಿ ನಿಂತ ಮರದ ತೊಗಟೆ ನೋಡಿ: ಕೆಂಪು, ನಾರುನಾರು, ತೆಂಗಿನ ಸಿಪ್ಪೆಯಂತೆ ಮೆತ್ತಗೆ. 60 ಸೆಂ.ಮೀ. ತನಕ ದಪ್ಪ ಇರುತ್ತದೆ, ಸಣ್ಣ ಬೆಂಕಿ ಒಳಗೆ ತಾಗುವುದಿಲ್ಲ. ಬುಡದ ಕಪ್ಪು ಪೊಟರೆಗಳು ಹಳೆಯ ಬೆಂಕಿಯ ಗುರುತು. ಈಚಿನ ಬೆಂಕಿಗಳು ಮಾತ್ರ ಬೇರೆಯೇ ಥರ. 2021ರಲ್ಲಿ ಶೆರ್ಮನ್ ಬುಡಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕಾಪಾಡಬೇಕಾಯಿತು.

ನೆಲದ ಮೇಲೆ ಒಂದಡಿ ಉದ್ದದ ಕಾಯಿ ಕಂಡರೆ ಸಿಕೋಯಾದ್ದೆಂದು ತಿಳಿಯಬೇಡಿ, ಅದು ಶುಗರ್ ಪೈನಿನದು. ಸಿಕೋಯಾ ಕಾಯಿ ಕೋಳಿಮೊಟ್ಟೆಯಷ್ಟೇ, ಬೀಜವಂತೂ ಅವಲಕ್ಕಿಯ ಚೂರಿನಂತೆ. ಬೆಂಕಿಯ ಬಿಸಿಗೆ ಕಾಯಿ ಒಣಗಿ ಬಿರಿದರೆ ಬೀಜ ಬೂದಿಯ ಮೇಲೆ ಉದುರಿ ಮೊಳೆಯುತ್ತದೆ. ಊರಿಗೆಂದು ಒಂದು ಕಾಯಿ ಕಿಸೆಗೆ ಹಾಕಿಕೊಳ್ಳುವುದೂ ಇಲ್ಲಿ ಅಪರಾಧ.

ಬೇಲಿ ದಾಟಬೇಡಿ. ಇಷ್ಟು ದೊಡ್ಡ ಮರಕ್ಕೆ ತಾಯಿಬೇರು ಇಳಿದಿರುವುದಿಲ್ಲ; ಬೇರುಗಳು ನಾಲ್ಕೈದು ಮೀಟರಿಗಿಂತ ಆಳಕ್ಕೆ ಹೋಗದೆ ಸುತ್ತ ಹರಡಿರುತ್ತವೆ. ತುಳಿದು ತುಳಿದು ಮಣ್ಣು ಗಟ್ಟಿಯಾದರೆ ನೀರು ಇಳಿಯುವುದಿಲ್ಲ. ಕೊಂಬೆ ಬೀಳುವುದೂ ಉಂಟು: 2006ರಲ್ಲಿ ಶೆರ್ಮನ್ ಮರದಿಂದ ಬಿದ್ದ ಕೊಂಬೆಯೇ ಸುಮಾರು ಎರಡು ಮೀಟರ್ ದಪ್ಪವಿತ್ತು.

ಜೂನಿನಿಂದ ಅಕ್ಟೋಬರ್ ತನಕ ನಡೆಯಲು ಒಳ್ಳೆಯ ಕಾಲ. ಜುಲೈಯಲ್ಲೂ ಬೆಳಗ್ಗೆ ಸ್ವೆಟರ್ ಬೇಕು. ಚಳಿಗಾಲದಲ್ಲಿ ಹಿಮ ಬಿದ್ದಾಗ ಟೈರಿಗೆ ಕಟ್ಟುವ ಚೈನ್ ಇಲ್ಲದ ಕಾರನ್ನು ಮೇಲಕ್ಕೆ ಬಿಡುವುದಿಲ್ಲ.