ಬಳ್ಳಾರಿಯಿಂದ ಯುರೋಪಿನ ತರಗತಿಗೆ: ವಿನಿಮಯ ಕಾರ್ಯಕ್ರಮಕ್ಕೆ ನಮ್ಮ ಕಡೆಯ ಕಾಗದಪತ್ರ ಸಿದ್ಧ ಮಾಡಿದ ಬಗೆ

ವಿದೇಶಿ ವಿನಿಮಯದ ಮಾತು ಎತ್ತಿದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು 'ದುಡ್ಡು ಯಾರು ಕೊಡ್ತಾರೆ?' ಅಂತ. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯದ ವಿದೇಶಿ ಸಂಬಂಧಗಳ ಕೆಲಸ ನೋಡಿಕೊಳ್ಳುವ ನನಗೆ ಕಂಡಿರುವುದು ಬೇರೆ. ದುಡ್ಡಿಗೆ ದಾರಿಗಳಿವೆ. ಆದರೆ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಒಪ್ಪಿಗೆ, ಕ್ರೆಡಿಟ್ ಸಮಾನತೆ, ಪಾಸ್‌ಪೋರ್ಟಿನ ಹೆಸರು ಈ ಮೂರೂ ಮೊದಲೇ ಸರಿಯಾಗಿಲ್ಲದಿದ್ದರೆ ಮಂಜೂರಾದ ಸೀಟು ಕೈತಪ್ಪುತ್ತದೆ. ಹಾಗಾಗಿ ನಾವು ಕೆಲಸ ಶುರು ಮಾಡುವುದು ಅರ್ಜಿಯಿಂದಲ್ಲ, ಈ ಕಾಗದಗಳಿಂದ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯುರೋಪಿಯನ್ ಒಕ್ಕೂಟದ ಶೈಕ್ಷಣಿಕ ವಿನಿಮಯ ಕಾರ್ಯಕ್ರಮವಾದ ಎರಾಸ್ಮಸ್ ಪ್ಲಸ್‌ನ ಅಂತರರಾಷ್ಟ್ರೀಯ ಚಲನಶೀಲತೆ ಯೋಜನೆ, ಕೆಎ171. ಇದರಲ್ಲಿ ವಿದ್ಯಾರ್ಥಿ 2ರಿಂದ 12 ತಿಂಗಳು, ಬೋಧಕರು ಮತ್ತು ಆಡಳಿತ ಸಿಬ್ಬಂದಿ 5 ದಿನದಿಂದ 2 ತಿಂಗಳವರೆಗೆ ಹೋಗಬಹುದು. ಭಾರತದಿಂದ ಹೋಗುವ ವಿದ್ಯಾರ್ಥಿಗೆ ದೇಶದ ಜೀವನವೆಚ್ಚ ನೋಡಿ ತಿಂಗಳಿಗೆ ಸುಮಾರು 800ರಿಂದ 900 ಯೂರೋ ಸಿಗುತ್ತದೆ. ಅಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಪ್ರಯೋಗಾಲಯ ಶುಲ್ಕ ಯಾವುದೂ ಇಲ್ಲ. ಪ್ರಯಾಣದ ಹಣ ಬೇರೆ. ಅದನ್ನು ಒಂದು ಕಡೆಯ ದೂರ ಅಳೆದು, ಹೋಗಿ ಬರುವ ಎರಡಕ್ಕೂ ಸೇರಿಸಿ ಕೊಡುತ್ತಾರೆ. ಬಳ್ಳಾರಿಯಿಂದ ಇಟಲಿ, ಪೋಲೆಂಡ್, ಜರ್ಮನಿ 4000–7999 ಕಿ.ಮೀ. ಶ್ರೇಣಿಯಲ್ಲಿ ಬರುತ್ತವೆ, ಪೋರ್ಚುಗಲ್ 8000 ದಾಟುತ್ತದೆ. ಶ್ರೇಣಿ ಬದಲಾದರೆ ಮೊತ್ತವೂ ಬದಲಾಗುತ್ತದೆ. ಹಾಗಾಗಿ ಹೊರಡುವ ಊರು ಎಂದು ಬೆಂಗಳೂರನ್ನು ಬರೆಯದೆ ಬಳ್ಳಾರಿ ಎಂದೇ ಬರೆಸಿ.

ಈ ಯೋಜನೆಗೆ ಅರ್ಜಿ ಹಾಕುವುದು ನಾವಲ್ಲ, ಯುರೋಪಿನ ವಿಶ್ವವಿದ್ಯಾಲಯ. ಅದು ತನ್ನ ದೇಶದ ರಾಷ್ಟ್ರೀಯ ಏಜೆನ್ಸಿಗೆ ಅರ್ಜಿ ಸಲ್ಲಿಸುತ್ತದೆ, ಕೊನೆಯ ದಿನ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಎರಾಸ್ಮಸ್ ಚಾರ್ಟರ್, ಅಂದರೆ ಈ ಕಾರ್ಯಕ್ರಮದ ಮಾನ್ಯತಾ ಪತ್ರ, ಅವರಿಗೆ ಬೇಕು, ನಮಗೆ ಬೇಕಿಲ್ಲ. ಜನವರಿಯಲ್ಲಿ ಪತ್ರ ಬರೆದರೆ ಅವರ ಪಟ್ಟಿ ಆಗಲೇ ಮುಗಿದಿರುತ್ತದೆ. ನಾವು ಸೆಪ್ಟೆಂಬರ್‌ನಲ್ಲೇ ಬರೆಯುತ್ತೇವೆ.

ಏನು ಬರೆಯಬೇಕು ಅನ್ನುವುದು ಮುಖ್ಯ. 'ತಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯದೊಂದಿಗೆ ಸಹಯೋಗ ಬಯಸುತ್ತೇವೆ' ಎಂಬ ಪತ್ರಕ್ಕೆ ಉತ್ತರ ಬರುವುದು ಅಪರೂಪ. ಅವರ ಅರ್ಜಿಯನ್ನು ತೂಗುವವರು ಈ ದೇಶವೇ ಏಕೆ, ಈ ಸಂಸ್ಥೆಯೇ ಏಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಅಂಗಳದಲ್ಲೇ ಇದೆ. ಸಂಡೂರಿನ ಗಣಿ ಪ್ರದೇಶದ ಪುನಶ್ಚೇತನ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಗಂಗಾವತಿ–ಸಿಂಧನೂರು ಕಡೆಯ ಸವಳು ಭೂಮಿ, ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು, ಮಸ್ಕಿಯ ಅಶೋಕನ ಶಾಸನ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ. ಇವುಗಳಲ್ಲಿ ಒಂದನ್ನು ಹಿಡಿದು, ನಮ್ಮ ಯಾವ ಅಧ್ಯಾಪಕರು ಅದರ ಮೇಲೆ ಏನು ಪ್ರಕಟಿಸಿದ್ದಾರೆ, ಅವರ ವಿಭಾಗದ ಯಾರ ಕೆಲಸಕ್ಕೆ ಅದು ಹೊಂದುತ್ತದೆ ಎಂದು ಒಂದೇ ಪುಟದಲ್ಲಿ ಬರೆದು, ಅಂತರರಾಷ್ಟ್ರೀಯ ಕಚೇರಿಗೂ ಆ ಪ್ರಾಧ್ಯಾಪಕರಿಗೂ ಒಟ್ಟಿಗೆ ಕಳಿಸುತ್ತೇವೆ. ಕಚೇರಿಗೆ ಮಾತ್ರ ಕಳಿಸಿದರೆ ಪತ್ರ ಅಲ್ಲೇ ಉಳಿಯುತ್ತದೆ.

ಒಪ್ಪಂದದ ಕರಡು ಬಂದಾಗ ಎರಡು ವಾಕ್ಯ ಸೇರಿಸಲು ಕೇಳುತ್ತೇವೆ. ಒಂದು, ಅನುದಾನ ಯುರೋಪಿನ ಸಂಸ್ಥೆಯಲ್ಲೇ ಇದ್ದು ಅದು ನೇರವಾಗಿ ವಿದ್ಯಾರ್ಥಿಗೆ ಪಾವತಿಸುತ್ತದೆ, ನಮ್ಮ ವಿಶ್ವವಿದ್ಯಾಲಯದ ಖಾತೆಗೆ ವಿದೇಶಿ ಹಣ ಬರುವುದಿಲ್ಲ. ಈ ಸಾಲು ಇದ್ದರೆ ಹಣಕಾಸು ಅಧಿಕಾರಿಯ ಮೇಜಿನ ಮೇಲೆ ಕಡತ ತಿಂಗಳುಗಟ್ಟಲೆ ಕೂರುವುದಿಲ್ಲ. ಇನ್ನೊಂದು, ವಿಮಾನದ ಟಿಕೆಟನ್ನು ಅವರೇ ಖರೀದಿಸಿ ಕೊಡುತ್ತಾರೆ. ಎರಾಸ್ಮಸ್ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಮಳೆಯಾಶ್ರಿತ ಎರಡೆಕರೆಯ ಮನೆಯ ಹುಡುಗಿಗೆ ಟಿಕೆಟ್, ವಿಮೆ, ಮನೆಯ ಮುಂಗಡ ಎಲ್ಲವನ್ನೂ ಮೊದಲು ಕೈಯಿಂದ ಹಾಕಿ ಆಮೇಲೆ ವಾಪಸ್ ಪಡೆ ಎಂದರೆ ಅವಳು ಬರುವುದೇ ಇಲ್ಲ. ಯೋಜನೆ ಯಾರಿಗಾಗಿ ಇದೆಯೋ ಅವರೇ ಹೊರಗುಳಿಯುವುದು ಈ ಹಂತದಲ್ಲಿ. ಮೊದಲ ಕಂತನ್ನು ತಲುಪಿದ ವಾರದಲ್ಲೇ ಪ್ರಿಪೇಯ್ಡ್ ಕಾರ್ಡಿಗೆ ಹಾಕಲು ಆಗುತ್ತದೆಯೇ ಎಂದೂ ಕೇಳಿ. ಅಲ್ಲಿ ಬ್ಯಾಂಕ್ ಖಾತೆ ತೆರೆಯಲು ವಾರಗಳೇ ಹಿಡಿಯುತ್ತವೆ.

ಕ್ರೆಡಿಟ್ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕು. ಯುರೋಪಿನಲ್ಲಿ ವರ್ಷಕ್ಕೆ 60 ಇಸಿಟಿಎಸ್ (ಅಲ್ಲಿಯ ಕ್ರೆಡಿಟ್), ಸೆಮಿಸ್ಟರಿಗೆ 30. ಒಂದು ಇಸಿಟಿಎಸ್ ಅಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆ ಕೆಲಸ. ನಮ್ಮ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲೂ ಒಂದು ಕ್ರೆಡಿಟ್‌ಗೆ 30 ಗಂಟೆ, ಆದರೆ ವರ್ಷಕ್ಕೆ 40 ಕ್ರೆಡಿಟ್. ಗಂಟೆ ಲೆಕ್ಕ ಹಿಡಿದರೆ ಒಂದಕ್ಕೊಂದು ಸಮ, ವರ್ಷದ ಲೆಕ್ಕ ಹಿಡಿದರೆ ಅವರ ಒಂದೂವರೆ ನಮ್ಮ ಒಂದಕ್ಕೆ ಸಮ. ಅಧ್ಯಯನ ಮಂಡಳಿಯಲ್ಲಿ ಜಗಳ ಹುಟ್ಟುವುದು ಇಲ್ಲೇ. ನಾವು ಸೆಮಿಸ್ಟರಿನ ಪಾಲನ್ನು ಆಧಾರ ಮಾಡಿಕೊಂಡೆವು: ನಮ್ಮ ಸೆಮಿಸ್ಟರಿನ ಒಟ್ಟು ಕ್ರೆಡಿಟ್ ಎಷ್ಟಿದ್ದರೂ ಅದು ಅವರ 30ಕ್ಕೆ ಸಮ. ಎಂ.ಎಸ್ಸಿ. ಮೂರನೇ ಸೆಮಿಸ್ಟರ್ 24 ಕ್ರೆಡಿಟ್ ಇದ್ದರೆ ನಮ್ಮ ಒಂದಕ್ಕೆ ಅವರ ಒಂದೂಕಾಲು. ಆಗ ಕಲಿಕಾ ಒಪ್ಪಂದದ, ಅಂದರೆ ವಿದ್ಯಾರ್ಥಿ ಅಲ್ಲಿ ಓದುವ ಪತ್ರಿಕೆ ಇಲ್ಲಿಯ ಯಾವುದಕ್ಕೆ ಸಮ ಎಂದು ಬರೆಯುವ ಕಾಗದದ, ಒಂದು ಸಾಲು ಹೀಗಿರುತ್ತದೆ: ಎಡಗಡೆ ಅವರ 'ಗಣಿ ತ್ಯಾಜ್ಯ ನಿರ್ವಹಣೆ, 5 ಇಸಿಟಿಎಸ್', ಬಲಗಡೆ ನಮ್ಮ ಪತ್ರಿಕೆಯ ಹೆಸರು, ಪತ್ರಿಕೆ ಸಂಕೇತ, 4 ಕ್ರೆಡಿಟ್. ಬಲಗಡೆಯ ಸಂಕೇತವನ್ನು ಖಾಲಿ ಬಿಡಬೇಡಿ. ಸಂಕೇತ ಇಲ್ಲದಿದ್ದರೆ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಅಂಕ ಏರಿಸಲಾಗದೆ ಅಂಕಪಟ್ಟಿ ನಿಂತುಬಿಡುತ್ತದೆ. ವಿದೇಶದಲ್ಲಿರುವ ಸೆಮಿಸ್ಟರಿಗೂ ಇಲ್ಲಿ ಪರೀಕ್ಷಾ ನೋಂದಣಿ ಮಾಡಿಸಲೇಬೇಕು.

ಈ ಕಲಿಕಾ ಒಪ್ಪಂದಕ್ಕೆ ಮೂರು ಸಹಿ ಬೇಕು: ವಿದ್ಯಾರ್ಥಿ, ನಾವು, ಅವರು. ನಮ್ಮ ಕಡೆಯ ಸಹಿ ವಿಭಾಗದ ಮುಖ್ಯಸ್ಥರದ್ದಷ್ಟೇ ಆದರೆ ಸಾಲದು. ಅಧ್ಯಯನ ಮಂಡಳಿಯ ನಡಾವಳಿಯಲ್ಲಿ ದಾಖಲಾಗಿ, ಪರೀಕ್ಷಾಂಗ ಕುಲಸಚಿವರಿಗೆ ಪ್ರತಿ ಹೋಗಿರಬೇಕು. ಎಷ್ಟೇ ಮಾಡಿದರೂ ಪತ್ರಿಕೆಗಳು ತಾಳೆಯಾಗದ ವಿಭಾಗಗಳಿವೆ. ಅಲ್ಲಿ ನಾಲ್ಕನೇ ಸೆಮಿಸ್ಟರಿನ ಸಂಶೋಧನಾ ಪ್ರಬಂಧಕ್ಕೆ ಕಳಿಸುವುದೇ ಸುಲಭ.

ಅಂಕ ಪರಿವರ್ತನೆಯಲ್ಲಿ ವಿದ್ಯಾರ್ಥಿಗೆ ಅನ್ಯಾಯವಾಗದಂತೆ ನೋಡಬೇಕು. ಫ್ರಾನ್ಸಿನಲ್ಲಿ 20ಕ್ಕೆ 10 ಪಾಸು, 14 ಬಂದರೆ ಅದು 'ಬಿಯಾಂ', ಅಂದರೆ ಚೆನ್ನಾಗಿದೆ ಎಂಬ ದರ್ಜೆ. 16 ದಾಟುವವರು ಕಡಿಮೆ. ಆ 14ನ್ನು ನೇರ ಶೇಕಡಾ ಮಾಡಿ 70 ಎಂದು ಬರೆದರೆ ಇಲ್ಲೇ ಉಳಿದ ಸಹಪಾಠಿಗಿಂತ ಅವನು ಹಿಂದೆ ಬೀಳುತ್ತಾನೆ, ರ‍್ಯಾಂಕೂ ಕೈತಪ್ಪುತ್ತದೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು. ಅಲ್ಲಿಗೆ ಬವೇರಿಯನ್ ಸೂತ್ರವನ್ನು, ಅಂದರೆ ಹೊರದೇಶದ ಅಂಕವನ್ನು ಜರ್ಮನ್ ದರ್ಜೆಗೆ ಬದಲಿಸುವ ಲೆಕ್ಕವನ್ನು, ತಿರುಗಿಸಿ ಬಳಸುತ್ತೇವೆ: ನಮ್ಮ ಗರಿಷ್ಠ 100, ಪಾಸು 40 ಆದರೆ ಅವರ 2.0 ನಮ್ಮ 80. ಫ್ರಾನ್ಸ್, ಇಟಲಿಯಂಥ ಕಡೆ ಆ ವಿಭಾಗದ ದರ್ಜೆ ಹಂಚಿಕೆಯ ಪಟ್ಟಿ, ಅಂದರೆ ಎಷ್ಟು ಶೇಕಡಾ ಮಂದಿಗೆ ಯಾವ ಅಂಕ ಬಂದಿದೆ ಎಂಬುದನ್ನು ತರಿಸಿಕೊಂಡು ಹೋಲಿಸುವುದೇ ನ್ಯಾಯ. ಯಾವ ಸೂತ್ರ ಎಂಬುದನ್ನು ವಿದ್ಯಾರ್ಥಿ ಹೊರಡುವ ಮೊದಲೇ ಲಿಖಿತವಾಗಿ ಕೊಡಿ.

ಹಾಗೆಯೇ ವಿನಿಮಯವನ್ನೂ ಜಂಟಿ ಪದವಿಯನ್ನೂ ಒಂದೇ ಕಡತದಲ್ಲಿ ಬೆರೆಸಬೇಡಿ. ಟ್ವಿನ್ನಿಂಗ್, ಜಂಟಿ ಪದವಿ, ದ್ವಿಪದವಿಗಳಿಗೆ ಯುಜಿಸಿಯ 2022ರ ನಿಯಮಾವಳಿ ಅನ್ವಯಿಸುತ್ತದೆ. ನ್ಯಾಕ್ ಮೌಲ್ಯಮಾಪನದಲ್ಲಿ ಕನಿಷ್ಠ 3.01 ಅಂಕ ಅಥವಾ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್‌ ವಿಶ್ವವಿದ್ಯಾಲಯಗಳ ಮೊದಲ ನೂರರಲ್ಲಿ ಸ್ಥಾನ ಇಲ್ಲದವರು ಯುಜಿಸಿ ಅನುಮೋದನೆ ಪಡೆಯಬೇಕು. ಒಂದು ಸೆಮಿಸ್ಟರಿನ ವಿನಿಮಯಕ್ಕೆ ಆ ಭಾರ ಹೊರಿಸುವುದು ಬೇಡ.

ಈಗ ಹೆಸರಿನ ವಿಷಯ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಒಬ್ಬನದೇ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಬಸವರಾಜ ಹೆಚ್', ಆಧಾರ್‌ನಲ್ಲಿ 'ಬಸವರಾಜ ಹನುಮಂತಪ್ಪ', ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಹ್ವಾನ ಪತ್ರ, ವಿಮೆ, ಟಿಕೆಟ್ ಎಲ್ಲವೂ ಪಾಸ್‌ಪೋರ್ಟಿನಂತೆಯೇ ಇರಬೇಕು. ಹಾಗಾಗಿ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ನಾಮನಿರ್ದೇಶನ ಕಳಿಸಬೇಡಿ. ಊರಿನ ಹೆಸರೂ ತೊಡಕೇ. 2014ರ ನವೆಂಬರ್ 1ಕ್ಕೆ ಮೊದಲಿನ ದಾಖಲೆಗಳ ಇಂಗ್ಲಿಷಿನಲ್ಲಿ 'ಬೆಳ್ಳಾರಿ', ಆಮೇಲಿನವುಗಳಲ್ಲಿ 'ಬಳ್ಳಾರಿ'. ಹೊಸಪೇಟೆಯಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಬಳ್ಳಾರಿ ಜಿಲ್ಲೆ, 2021ರಿಂದ ಅದು ವಿಜಯನಗರ ಜಿಲ್ಲೆ. 1997ಕ್ಕೆ ಮೊದಲು ಕೊಪ್ಪಳದಲ್ಲಿ ಹುಟ್ಟಿದ ಅಧ್ಯಾಪಕರ ದಾಖಲೆಯಲ್ಲಿ ರಾಯಚೂರು ಜಿಲ್ಲೆ. ಹಳೆಯ ಹೆಸರು, ಹೊಸ ಹೆಸರು ಎರಡೂ ಒಂದೇ ಸ್ಥಳದ್ದು ಎಂದು ಕುಲಸಚಿವರ ಮುದ್ರೆಯೊಂದಿಗೆ ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ಪ್ರತಿ ಕಡತದ ಜೊತೆಗೂ ಇಡುತ್ತೇವೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ, ತತ್ಕಾಲ್ ಆದರೆ 2000 ಹೆಚ್ಚು. ಎರಡನೇ ಸೆಮಿಸ್ಟರಿನಲ್ಲೇ ಎಲ್ಲರಿಗೂ ಮಾಡಿಸಿಟ್ಟರೆ ಆ 2000 ಉಳಿಯುತ್ತದೆ.

ವೀಸಾದಲ್ಲಿ 90 ದಿನವೇ ಗಡಿ. ಅದರೊಳಗಿದ್ದರೆ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಸಿ ವೀಸಾ, ದಾಟಿದರೆ ಆ ದೇಶದ ಡಿ ವೀಸಾ. ಸಿ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಆದರೆ ಓದಿಗಾಗಿ ಹೋಗುವ ವಿದ್ಯಾರ್ಥಿಗಳಿಗೆ ಆ ಶುಲ್ಕದಿಂದ ವಿನಾಯಿತಿ ಇದೆ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಬೇಕು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಜರ್ಮನಿಯ ದೀರ್ಘಾವಧಿ ವೀಸಾಕ್ಕೆ ಕರ್ನಾಟಕದ ವಿಳಾಸದವರು ಬೆಂಗಳೂರಿಗೇ ಹೋಗಬೇಕು, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರವಾದರೂ ಅಷ್ಟೇ. ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಅಪಾಯಿಂಟ್‌ಮೆಂಟಿಗೆ ಸರಿಹೋಗುತ್ತದೆ. ಖರ್ಚಿಗೆ ಹಣ ಇದೆ ಎಂದು ತೋರಿಸಲು ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ ತರುವವರು ಬಹಳ. ಅವು ನಡೆಯುವುದಿಲ್ಲ. ತಿಂಗಳ ಮೊತ್ತ, ಒಟ್ಟು ತಿಂಗಳು, ಪ್ರಯಾಣದ ಹಣ ಮೂರೂ ಅಂಕಿಯಲ್ಲಿರುವ ಅನುದಾನ ಪತ್ರವೇ ಬೇಕು.

ಬೋಧಕರಿಗೆ ಹಾದಿ ಚಿಕ್ಕದು, ಅನುಮತಿಗಳು ಹೆಚ್ಚು. ಎರಾಸ್ಮಸ್ ಬೋಧನಾ ಭೇಟಿಯಲ್ಲಿ ವಾರಕ್ಕೆ ಕನಿಷ್ಠ 8 ಗಂಟೆ ಪಾಠ ಮಾಡಬೇಕು. ದಿನಭತ್ಯೆ 14ನೇ ದಿನದವರೆಗೆ ಪೂರ್ತಿ, 15ರಿಂದ ಶೇ. 70. ಸರ್ಕಾರಿ ನೌಕರರು ಮತ್ತು ಸರ್ಕಾರದ ನಿಯಂತ್ರಣದಲ್ಲಿರುವ ಸಂಸ್ಥೆಗಳ ನೌಕರರು ವಿದೇಶಿ ಆತಿಥ್ಯ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 6ನೇ ಕಲಂ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಎಫ್‌ಸಿ-2 ಅರ್ಜಿಯನ್ನು ಆನ್‌ಲೈನಿನಲ್ಲಿ ಕನಿಷ್ಠ ಎರಡು ವಾರ ಮೊದಲು ಹಾಕಬೇಕು. ನಾವು ಎರಡು ತಿಂಗಳು ಮೊದಲೇ ಹಾಕಿಸುತ್ತೇವೆ. ಅದರ ಜೊತೆ ನಿರಾಕ್ಷೇಪಣಾ ಪತ್ರ, ಓಓಡಿ (ಅನ್ಯ ಕರ್ತವ್ಯದ ಮೇಲೆ ಹೋಗುವ) ಮಂಜೂರಾತಿ ಎರಡೂ ಬೇಕು.

ವಿಶ್ವವಿದ್ಯಾಲಯದ ಒಪ್ಪಂದವೇ ಬೇಡದ ದಾರಿಗಳೂ ಇವೆ. ಎರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರ ಪದವಿಗೆ ತಿಂಗಳಿಗೆ 1400 ಯೂರೋ, ಗರಿಷ್ಠ 24 ತಿಂಗಳು. ಪಿಎಚ್.ಡಿ. ನೋಂದಣಿಯಾಗಿ ಒಂದು ವರ್ಷ ದಾಟಿದವರು ಅಮೆರಿಕದಲ್ಲಿ ಸಂಶೋಧನೆಗೆ ನೆರವಾಗುವ ಫುಲ್‌ಬ್ರೈಟ್–ನೆಹರು ಡಾಕ್ಟರಲ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ವಿದೇಶದಲ್ಲೇ ಪೂರ್ಣ ಪದವಿ ಓದುವುದಾದರೆ ರಾಜ್ಯದ ಪ್ರಬುದ್ಧ ಯೋಜನೆ ನೋಡಲಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರಕ್ಕೆ ವಿದೇಶಿ ಆಯ್ಕೆಯಲ್ಲಿ ಬೆಲೆಯಿಲ್ಲ, ಅದನ್ನು ಲಗತ್ತಿಸುವುದು ಬೇಡ. ಯಾರನ್ನೂ ಕಳಿಸಲಾಗದ ವರ್ಷ ಅಲ್ಲಿಯವರನ್ನು ಇಲ್ಲಿಗೆ ಕರೆಸಬಹುದು: 2015ರಲ್ಲಿ ಆರಂಭವಾದ ಕೇಂದ್ರದ ಗ್ಯಾನ್ ಯೋಜನೆಯಲ್ಲಿ ವಿದೇಶಿ ಪ್ರಾಧ್ಯಾಪಕರ 12–14 ಗಂಟೆಯ ಪಾಠಕ್ಕೆ 8000 ಡಾಲರ್‌ವರೆಗೆ, 20–28 ಗಂಟೆಗೆ 12,000 ಡಾಲರ್‌ವರೆಗೆ ನೆರವು ನಿಗದಿಯಾಗಿತ್ತು.

ಕೊನೆಯದಾಗಿ, ವಾಪಸ್ ಬರುವ ಮುನ್ನ ಮಾಡಿಸಿಕೊಳ್ಳಬೇಕಾದ ಕೆಲಸ. ಅನುದಾನದ ಅಂತಿಮ ಲೆಕ್ಕ ನಿಜವಾಗಿ ಅಲ್ಲಿದ್ದ ದಿನಗಳ ಮೇಲೆ ನಿಂತಿರುತ್ತದೆ. ಹಾಜರಾತಿ ಪ್ರಮಾಣಪತ್ರದಲ್ಲಿ ಮೊದಲ ದಿನ, ಕೊನೆಯ ದಿನ ಎರಡೂ ನಮೂದಾಗಿರಬೇಕು, ಮತ್ತು ಆ ಕೊನೆಯ ದಿನಕ್ಕಿಂತ ಮೊದಲೇ ಸಹಿ ಹಾಕಿಸಿದ್ದರೆ ಏಜೆನ್ಸಿ ಒಪ್ಪದಿರಬಹುದು. ಅಂಕಪಟ್ಟಿ ಬರಲು ಕೆಲವು ವಾರ ಬೇಕು. ಹಾಗಾಗಿ ಅದನ್ನು ವಿದ್ಯಾರ್ಥಿಯ ಮಿಂಚಂಚೆಗಷ್ಟೇ ಅಲ್ಲದೆ ನಮ್ಮ ಪರೀಕ್ಷಾಂಗ ವಿಭಾಗಕ್ಕೂ ನೇರವಾಗಿ ಕಳಿಸುವಂತೆ, ಹೊರಡುವ ವಾರದಲ್ಲೇ ಅಲ್ಲಿಯ ಕಚೇರಿಗೆ ಬರೆದುಕೊಡಲು ಹೇಳುತ್ತೇವೆ.